ಹೆಂಚಿನ ಮೇಲೆ ಮಳೆ, ಮಡಿಲಲ್ಲಿ ಪಿಟೀಲು: ಮಕ್ಕಳ ಮನೆ ಅಭ್ಯಾಸ ಹೇಗಿರಬೇಕು?

ಪಿಟೀಲು ಕ್ಲಾಸು ವಾರಕ್ಕೆ ಎರಡು ದಿನ. ಉಳಿದ ಐದು ದಿನ ಮಗು ಮನೆಯಲ್ಲೇ ನುಡಿಸಬೇಕು. ಪಿಟೀಲಿನ ಮೊದಲ ವರ್ಷ ಮನೆಯವರ ಕಿವಿಗೂ ಪರೀಕ್ಷೆಯೇ. ನಮ್ಮ ತೀರ್ಥಹಳ್ಳಿ ಕಡೆ ಇದರ ಜೊತೆಗೆ ಮಳೆಯೂ ಸೇರಿಕೊಳ್ಳುತ್ತದೆ.

ನಾನು ಕಲಿಯುವಾಗ ಅಭ್ಯಾಸ ಅಂದರೆ ಗಂಟೆಗಟ್ಟಲೆ ಕಮಾನು ಎಳೆಯುವುದು ಅಂದುಕೊಂಡಿದ್ದೆ. ಈಗ ಮಗಳ ಪಕ್ಕ ಕೂತಾಗ ಬೇರೆಯೇ ಕಾಣುತ್ತದೆ. ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಕಿವಿ ಅಂಗಳದ ನಾಯಿಯ ಕಡೆ ಇರುತ್ತದೆ. ವೀಣೆಗಾದರೆ ಮೆಟ್ಟುಗಳಿವೆ. ಪಿಟೀಲಿಗೆ ಅದೂ ಇಲ್ಲ. ಬೆರಳು ಒಂದು ಅಕ್ಕಿಕಾಳಿನಷ್ಟು ಸರಿದರೆ ಸ್ವರವೇ ಬೇರೆ. ಹಾಗಾಗಿ ಕಿವಿ ಎಚ್ಚರ ಇರುವ ಇಪ್ಪತ್ತು ನಿಮಿಷ ಸಾಕು. ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ಆದರೆ ಇನ್ನೂ ಒಳ್ಳೆಯದು. ಏಳೆಂಟು ವರ್ಷದ ಮಗುವಿಗೆ ಹದಿನೈದೂ ಜಾಸ್ತಿಯೇ.

ಮೊದಲು ಪಿಟೀಲಿಗೊಂದು ಜಾಗ

ನನ್ನ ಮೊದಲ ಪಿಟೀಲು ಹಾಳಾಗಿದ್ದು ಪ್ರೀತಿಯಿಂದ. ಆಷಾಢದ ಥಂಡಿಗೆ ಅದು ಬೂಷ್ಟು ಹಿಡಿಯುತ್ತದೆ ಅಂತ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟೆವು. ಅಡಿಕೆ ಒಣಗುವ ಜಾಗ, ಪಿಟೀಲೂ ಬೆಚ್ಚಗಿರುತ್ತದೆ ಅಂತ ಲೆಕ್ಕ. ವಾರದೊಳಗೆ ಹಿಂಬದಿಯ ಹಲಗೆ ಅಂಚಿನಲ್ಲಿ ಬಿಟ್ಟುಕೊಂಡಿತು. ಪಿಟೀಲಿನ ಹಲಗೆಗಳನ್ನು ಅಂಟಿಸಿರುವುದು ಸಾಮಾನ್ಯವಾಗಿ ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟಿನಿಂದ. ಶಾಖಕ್ಕೂ ತೇವಕ್ಕೂ ಅದು ಸಡಿಲವಾಗುತ್ತದೆ. ಮುಂದೆ ರಿಪೇರಿ ಮಾಡಲು ಬಿಚ್ಚಲಿಕ್ಕೆ ಬರಲಿ ಎಂದೇ ಆ ಅಂಟು ಬಳಸುತ್ತಾರೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ನೀರು ಕುಡಿದು ಉಬ್ಬುವುದು ಎಲ್ಲ ಕಡೆಯೂ ಇದ್ದದ್ದೇ. ತಂತಿ ಸುತ್ತಿರುವ ಬಿರಡೆ ಬಿಗಿದುಕೊಂಡು ತಿರುಗುವುದಿಲ್ಲ. ಅದೇ ಮಾರ್ಚ್ ಬಂದರೆ ಒಣಗಿ ಸಡಿಲವಾಗಿ, ತಂತಿ ಗರ್ರನೆ ಬಿಟ್ಟುಕೊಳ್ಳುತ್ತದೆ. ಬಿಗಿದ ಬಿರಡೆಗೆ ಒಣ ಸೋಪು, ಜಾರುವ ಬಿರಡೆಗೆ ಸೀಮೆಸುಣ್ಣ, ಎರಡೂ ಚೂರೇ ಚೂರು ಸವರಿದರೆ ಸಾಕು. ಎಣ್ಣೆ ಮಾತ್ರ ಬೇಡ.

ಪಿಟೀಲನ್ನು ಒಳಕೋಣೆಯಲ್ಲಿ, ಹೊರಗಿನ ಗೋಡೆಗೆ ತಾಗದ ಹಾಗೆ, ಪೆಟ್ಟಿಗೆಯೊಳಗೇ ಇಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯಬೇಡಿ, ಪೆಟ್ಟಿಗೆಗೆ ಹಾಕಿ. ಮಳೆ ಬಿಟ್ಟು ಬಿಸಿಲು ಬಂದ ದಿನ ಖಾಲಿ ಪೆಟ್ಟಿಗೆಯನ್ನು ಅಂಗಳದಲ್ಲಿ ತೆರೆದಿಡಿ. ಪಿಟೀಲು ನೆರಳಲ್ಲೇ ಇರಲಿ.

ಕೂರುವುದು, ಶ್ರುತಿ ಸೇರಿಸುವುದು

ನೆಲ ತಣ್ಣಗಿದ್ದರೆ ಚಾಪೆಯ ಮೇಲೆ ಕಂಬಳಿ ಹಾಸಿ. ಮಗು ಚಕ್ಕಳಮಕ್ಕಳ ಹಾಕಿ ಕೂತು ಬಲಗಾಲನ್ನು ಸ್ವಲ್ಪ ಮುಂದೆ ಚಾಚಲಿ. ಪಿಟೀಲಿನ ಸುರುಳಿ ತುದಿ ಬಲಗಾಲಿನ ಹರಡಿನ ಮೇಲೆ, ಇನ್ನೊಂದು ತುದಿ ಎಡ ಎದೆಗೆ. ಹೀಗೆ ಎರಡೂ ಕಡೆ ಆಧಾರ ಸಿಕ್ಕರೆ ಎಡಗೈಗೆ ಪಿಟೀಲು ಹೊರುವ ಕೆಲಸ ಇಲ್ಲ. ಕರ್ನಾಟಕ ಸಂಗೀತದ ಗಮಕಕ್ಕೆ, ಅಂದರೆ ಸ್ವರವನ್ನು ಓಲಾಡಿಸುವುದಕ್ಕೆ, ಕೈ ತಂತಿಯ ಮೇಲೆ ಜಾರುತ್ತಾ ಓಡಾಡಬೇಕಲ್ವಾ, ಅದಕ್ಕೇ ಈ ಏರ್ಪಾಡು. ಪಿಟೀಲು ಅಲ್ಲಾಡುತ್ತಿದ್ದರೆ ಅದನ್ನು ಸರಿಮಾಡಿಕೊಂಡೇ ಮುಂದೆ ಹೋಗಿ. ಮಗುವಿಗೆ ದೊಡ್ಡವರ ಪಿಟೀಲು ಕೊಟ್ಟು ‘ಬೆಳೆದಾಗ ಸರಿಹೋಗುತ್ತದೆ’ ಅನ್ನಬೇಡಿ. ಅರ್ಧ, ಮುಕ್ಕಾಲು ಅಳತೆಯವೂ ಸಿಗುತ್ತವೆ.

ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿ, ಗುರುಗಳು ಹೇಳಿದ ಶ್ರುತಿಗೆ ಇಡಿ. ಕರೆಂಟು, ಸಿಗ್ನಲ್ ಎರಡೂ ನಂಬುವ ಹಾಗಿಲ್ಲ, ಇಂಟರ್‌ನೆಟ್ ಇಲ್ಲದೆ ಓಡುವ ಆ್ಯಪ್ ಇರಲಿ. ನಾಲ್ಕು ತಂತಿಗಳು ದಪ್ಪದಿಂದ ಸಣ್ಣಕ್ಕೆ ಮಂದ್ರ (ಕೆಳಗಿನ ಸ್ಥಾಯಿಯ) ಸ, ಮಂದ್ರ ಪ, ಮಧ್ಯ (ನಡುವಿನ ಸ್ಥಾಯಿಯ) ಸ, ಮಧ್ಯ ಪ. ತಂತಿ ತಂಬೂರಿಗೆ ಹತ್ತಿರ ಬಂದಾಗ ನಾದದಲ್ಲಿ ‘ವಾಂವ್ ವಾಂವ್’ ಅಂತ ಒಂದು ಅಲೆ ಕೇಳುತ್ತದೆ. ಇನ್ನೂ ಹತ್ತಿರ ಬಂದ ಹಾಗೆ ಅಲೆ ನಿಧಾನವಾಗುತ್ತದೆ. ಸೇರಿದಾಗ ನಿಂತೇಹೋಗುತ್ತದೆ. ಬಿರಡೆ ತಿರುಗಿಸುವುದು ದೊಡ್ಡವರಾದರೂ, ಅಲೆ ನಿಂತ ಕೂಡಲೇ ‘ಹ್ಞಾಂ, ಸಾಕು’ ಎಂದು ಹೇಳುವ ಕೆಲಸ ಮಗುವಿಗೇ ಬಿಡಿ. ಶುರುವಿನಲ್ಲಿ ತಪ್ಪು ಹೇಳುತ್ತಾರೆ. ನನ್ನ ಮಗಳಿಗೆ ಎರಡು ತಿಂಗಳು ಬೇಕಾಯಿತು.

ಐದು ನಿಮಿಷ ಬರೀ ಕಮಾನು

ಕಮಾನಿನ ಕೂದಲು ಕುದುರೆಯ ಬಾಲದ್ದು. ತೇವಕ್ಕೆ ಅದು ಉದ್ದವಾಗಿ ಜೋಲುತ್ತದೆ, ಅದಕ್ಕೇ ಮಳೆಗಾಲದಲ್ಲಿ ತಿರುಪನ್ನು ಎರಡು ಸುತ್ತು ಜಾಸ್ತಿ ಬಿಗಿಯಬೇಕಾದೀತು. ಕಡ್ಡಿಗೂ ಕೂದಲಿಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಇದ್ದರೆ ಸರಿ. ಕೂದಲು ತಂತಿಯನ್ನು ಹಿಡಿಯಲಿ ಅಂತ ಹಚ್ಚುವ ರಾಳವನ್ನು ನಾಲ್ಕೈದು ಸಲ ಎಳೆದರೆ ಸಾಕು. ಹೊಸ ರಾಳದ ಬಿಲ್ಲೆ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಮರಳು ಕಾಗದದಿಂದ ಮೇಲ್ಮೈ ಕೊಂಚ ಗೀಚಿ, ಇಲ್ಲದಿದ್ದರೆ ಕೂದಲಿಗೆ ಹತ್ತುವುದೇ ಇಲ್ಲ. ಕೂದಲನ್ನು ಬೆರಳಲ್ಲಿ ಮುಟ್ಟಬೇಡಿ. ಕೈಯ ಜಿಡ್ಡು ತಾಗಿದ ಕಡೆ ನಾದ ಹಿಡಿಯುವುದಿಲ್ಲ.

ಈಗ ಬೆರಳು ಇಡದೆ, ಒಂದೊಂದೇ ತಂತಿಯ ಮೇಲೆ ಇಡೀ ಕಮಾನು ಎಳೆಯಿರಿ. ಹೋಗುವಾಗ ನಾಲ್ಕು ಎಣಿಕೆ, ಬರುವಾಗ ನಾಲ್ಕು ಎಣಿಕೆ. ಅದು ಸಲೀಸಾದ ಮೇಲೆ ಎಂಟು. ಕಮಾನು ಕುದುರೆಗೂ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಬೆರಳು ಓಡುವ ಕರಿ ಪಟ್ಟಿಗೂ ನಡುವೆ ನೆಟ್ಟಗೆ ಹೋಗಬೇಕು. ಎದುರಿಗೆ ಒಂದು ಕನ್ನಡಿ ಇಟ್ಟರೆ ಓರೆಯಾದದ್ದು ಮಗುವಿಗೇ ಕಾಣುತ್ತದೆ, ನೀವು ಹೇಳಿ ಜಗಳ ಆಗುವುದು ತಪ್ಪುತ್ತದೆ. ಕೀರಲು ಬಂದರೆ ಒಂದೋ ಕಮಾನು ಕುದುರೆಗೆ ಹತ್ತಿರ ಹೋಗಿದೆ, ಇಲ್ಲವೇ ಮಗು ಹೆದರಿ ಕಮಾನನ್ನು ತಂತಿಯ ಮೇಲೆ ಬರೀ ತೇಲಿಸುತ್ತಿದೆ.

ಬೆರಳಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸೋಣ. ಸ್ವರಗಳನ್ನು ಏರಿಸಿ ಇಳಿಸುವ ಮೊದಲ ಪಾಠ, ಸರಳೆ ವರಸೆ, ಮಾಯಾಮಾಳವಗೌಳ ರಾಗದಲ್ಲಿರುತ್ತದೆ. ಆರಂಭದ ಪಾಠಕ್ಕೆ ಈ ರಾಗವನ್ನು ಗೊತ್ತುಮಾಡಿದವರು ಪುರಂದರದಾಸರು ಎಂಬ ನಂಬಿಕೆ ಇದೆ. ದಾಸರು ಹುಟ್ಟಿದ್ದು ಪುಣೆ ಹತ್ತಿರದ ಪುರಂದರಗಡದಲ್ಲಿ ಅಂತ ಒಂದು ವಾದ, ಇಲ್ಲೇ ತೀರ್ಥಹಳ್ಳಿಯ ಆರಗದ ಕಡೆ ಅಂತ ಇನ್ನೊಂದು. ನಾನು ಯಾವ ಪಕ್ಷ ಅಂತ ಬೇರೆ ಹೇಳಬೇಕಿಲ್ಲ! ಇರಲಿ. ಪಿಟೀಲಿನಲ್ಲಿ ಈ ರಾಗಕ್ಕೆ ಒಂದು ಅನುಕೂಲವಿದೆ. ಮಧ್ಯ ಸ ತಂತಿಯಲ್ಲಿ ಬರೀ ತಂತಿ ಸ. ತೋರುಬೆರಳು ಸುರುಳಿ ಕಡೆಯ ತುದಿಗೆ ತೀರಾ ಹತ್ತಿರ, ಅದು ರಿ. ನಡುಬೆರಳು ದೂರ ಚಾಚಬೇಕು, ಅದು ಗ. ಉಂಗುರಬೆರಳು ನಡುಬೆರಳಿಗೆ ಅಂಟಿಕೊಂಡಂತೆ, ಅದು ಮ. ಪಕ್ಕದ ಪ ತಂತಿಗೆ ಹೋದರೆ ಪ, ದ, ನಿ, ಮೇಲಿನ ಸ ಅದೇ ಜಾಗಗಳಲ್ಲಿ, ಅದೇ ಬೆರಳುಗಳಲ್ಲಿ ಬರುತ್ತವೆ. ಒಂದು ತಂತಿ ಕಲಿತರೆ ಎರಡನೆಯದು ಪುಕ್ಕಟೆ.

ಜಾಗ ಸರಿ ಇದೆಯಾ ಅಂತ ನೋಡಲು ಪಿಟೀಲೇ ಸಹಾಯ ಮಾಡುತ್ತದೆ. ಮಂದ್ರ ಪ ತಂತಿಯ ಮೇಲೆ ಉಂಗುರಬೆರಳಿಟ್ಟು ಸ ನುಡಿಸಿ. ಪಕ್ಕದ ಮಧ್ಯ ಸ ತಂತಿಯನ್ನು ಯಾರೂ ಮುಟ್ಟದಿದ್ದರೂ, ಸ್ವರ ಸರಿಯಿದ್ದರೆ ಅದು ತಾನೇ ನಡುಗುತ್ತದೆ. ಕಣ್ಣಿಗೇ ಕಾಣುತ್ತದೆ. ಈ ಆಟ ಮಕ್ಕಳಿಗೆ ಬಲು ಇಷ್ಟ. ಬೆರಳಿನ ಜಾಗಕ್ಕೆ ಸ್ಟಿಕರ್ ಅಂಟಿಸುವವರಿದ್ದಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಮಗು ಸ್ಟಿಕರ್ ನೋಡುತ್ತದೆ, ಸ್ವರ ಕೇಳುವುದಿಲ್ಲ. ಅದಕ್ಕಿಂತ ಪ್ರತಿ ಸಾಲನ್ನೂ ಮೊದಲು ಬಾಯಲ್ಲಿ ಹಾಡಿ, ಆಮೇಲೆ ನುಡಿಸಲಿ. ದನಿ ಚೆನ್ನಾಗಿಲ್ಲದಿದ್ದರೂ ಅಡ್ಡಿಯಿಲ್ಲ.

ಮೂರು ಕಾಲಕ್ಕೆ, ಅಂದರೆ ಮೂರು ವೇಗಕ್ಕೆ, ಬಂದಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಮೊದಲ ಕಾಲವನ್ನೇ ಬೇಗ ಹಿಡಿಯುತ್ತಾರೆ. ಆದಿತಾಳದ ಒಂದು ಎಣಿಕೆಗೆ ಮೊದಲ ಕಾಲದಲ್ಲಿ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಎಣಿಕೆಗೆ ಒಂದೇ ಸೆಕೆಂಡ್ ಇಟ್ಟರೆ ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ. ಹೊಸಬರ ಬೆರಳಿಗೆ ಅದು ಆಗದ ಮಾತು. ಎಣಿಕೆಗೆ ಎರಡು ಸೆಕೆಂಡ್ ಇಡಿ. ಎರಡೂ ಕೈಗೆ ಕೆಲಸ ಇರುವುದರಿಂದ ತಾಳವನ್ನು ಅಜ್ಜಿಯೋ ಅಪ್ಪನೋ ಪಕ್ಕದಲ್ಲಿ ಕೂತು ಹಾಕಬಹುದು. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ದಿನಗಳಲ್ಲಿ ಅಜ್ಜಿಗೆ ಪುರುಸೊತ್ತಿಲ್ಲ. ಆಗ ಆ್ಯಪಿನ ತಾಳವೇ ಗತಿ.

ಎಲ್ಲಾದರೂ ತಪ್ಪಿದರೆ ‘ಮೊದಲಿಂದ ನುಡಿಸು’ ಎನ್ನಬೇಡಿ. ಹಾಗೆ ಮಾಡಿದರೆ ಮೊದಲ ಸಾಲು ಮಾತ್ರ ಚಂದ ಆಗುತ್ತದೆ, ತಪ್ಪು ಅಲ್ಲೇ ಇರುತ್ತದೆ. ತಪ್ಪಿದ ಜಾಗದ ಆಚೀಚೆ ನಾಲ್ಕು ಸ್ವರ ಹಿಡಿದು, ನಿಧಾನವಾಗಿ ಐದು ಸಲ ನುಡಿಸಿ ಮುಂದೆ ಹೋಗಲಿ. ಇನ್ನೊಂದು ಮಾತು. ನೆಂಟರು ಬಂದಾಗ ‘ಪುಟ್ಟಾ, ಒಂದು ಸಿನಿಮಾ ಹಾಡು ನುಡಿಸು’ ಅಂತ ದಯವಿಟ್ಟು ಕೂರಿಸಬೇಡಿ. ಸರಳೆ ವರಸೆಯಲ್ಲಿರುವ ಮಗುವಿಗೆ ಅದಕ್ಕಿಂತ ಅವಮಾನ ಇಲ್ಲ.

ಜೋರು ಮಳೆ ಬಂದಾಗ

ಮೈಕು ಇಲ್ಲದ ಕಾಲದಲ್ಲಿ ನಾದ ದೊಡ್ಡದಾಗಲಿ ಅಂತ ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಸಿಕೊಂಡಿದ್ದರು. ನಮ್ಮ ತಗಡಿನ ಮಾಡಿನ ಮೇಲೆ ಬೀಳುವ ಮಳೆಗೆ ಆ ಪಿಟೀಲೂ ಸಾಲುತ್ತಿತ್ತೋ ಇಲ್ಲವೋ. ಶ್ರುತಿಯೇ ಕೇಳಿಸದಾಗ ನುಡಿಸಬೇಡಿ, ಕಿವಿ ತಪ್ಪು ಕಲಿಯುತ್ತದೆ. ಆ ಹೊತ್ತಿಗೆ ಕಮಾನು ಕೆಳಗಿಟ್ಟು ಎಡಗೈ ಬೆರಳುಗಳನ್ನು ಮಾತ್ರ ತಂತಿಯ ಮೇಲೆ ಒಂದೊಂದಾಗಿ ಊರಿ ಎತ್ತಲಿ. ಇಲ್ಲವೇ ಇಯರ್‌ಫೋನ್ ಹಾಕಿಕೊಂಡು ನಿನ್ನೆ ರೆಕಾರ್ಡ್ ಮಾಡಿದ್ದನ್ನು ಕೇಳಲಿ. ತಪ್ಪು ಎಲ್ಲಿದೆ ಅಂತ ಅವರೇ ಹೇಳುತ್ತಾರೆ, ನಮಗಿಂತ ಖಾರವಾಗಿ.

ಮುಗಿದ ಮೇಲೆ ಹಳೆಯ ಹತ್ತಿ ಬಟ್ಟೆಯಲ್ಲಿ ತಂತಿ ಒರೆಸಬೇಕು, ಬೆವರು ಕೂತರೆ ನಮ್ಮ ಹವೆಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಕುದುರೆಯ ಕೆಳಗೆ ಉದುರಿದ ರಾಳದ ಪುಡಿಯನ್ನೂ ಒರೆಸಬೇಕು. ಕೊನೆಗೆ ಕಮಾನಿನ ತಿರುಪು ಸಡಿಲಿಸಬೇಕು. ಬಿಗಿದೇ ಬಿಟ್ಟರೆ ಕಡ್ಡಿ ಬಾಗಿಹೋಗುತ್ತದೆ. ನನ್ನ ಮಗಳು ಮೊದಲಿನ ಎರಡನ್ನೂ ಮರೆಯುವುದಿಲ್ಲ, ತಿರುಪನ್ನು ಮಾತ್ರ ದಿನಾ ಮರೆಯುತ್ತಾಳೆ. ರಾತ್ರಿ ಬಾಗಿಲು ಹಾಕಿ, ಒಲೆ ನೋಡಿ, ಮಲಗುವ ಮುಂಚೆ ನಾನೇ ಪೆಟ್ಟಿಗೆ ತೆರೆದು ಎರಡು ಸುತ್ತು ಬಿಡಿಸಿಟ್ಟು ಬರುತ್ತೇನೆ.