ಮಾರ್ಫಿನ್‌ಗಿಂತ ಮೊದಲು ಎಕೋ

ಹೃದಯಾಘಾತವಾಗಿ ಮೂರ್ನಾಲ್ಕು ದಿನ ಕಳೆದವರಿಗೆ ಮತ್ತೆ ಎದೆನೋವು ಎಂದು ಐಸಿಯುನಿಂದ ಸಿಸ್ಟರ್ ಫೋನ್ ಮಾಡಿದರೆ, ನೋವಿಗೆ ಮಾರ್ಫಿನ್ ಕೊಡಿ ಎನ್ನುವ ಮುಂಚೆ ಎಕೋ ಮೆಷಿನ್ (ಹೃದಯದ ಅಲ್ಟ್ರಾಸೌಂಡ್) ತರಿಸಿಡಿ ಎನ್ನುತ್ತೇನೆ. ಸತ್ತ ಸ್ನಾಯು ಮೆತ್ತಗಾಗಿ ಹೃದಯದ ಗೋಡೆ ಹರಿಯುವುದು ಹೆಚ್ಚಾಗಿ ಮೊದಲ ದಿನ, ಇಲ್ಲವೇ ಮೂರರಿಂದ ಐದನೇ ದಿನದ ಆಸುಪಾಸು. ಬ್ಲಾಕ್ ಬೇಗ ತೆರೆಯುವ ಈ ಕಾಲದಲ್ಲಿ ಅದು ಅಪರೂಪ. ಆದರೆ 'ಗ್ಯಾಸ್ಟ್ರಿಕ್' ಅಂದುಕೊಂಡು ಮನೆಯಲ್ಲೇ ಒಂದು ದಿನ ಕಳೆದು ಬರುವವರು, ಅದರಲ್ಲೂ ವಯಸ್ಸಾದ ಹೆಂಗಸರು, ನಮ್ಮಲ್ಲಿ ಈಗಲೂ ಇದ್ದಾರೆ.

ಮನೆಯವರಿಗೆ ನನ್ನ ಮೊದಲ ಪ್ರಶ್ನೆ: "ಬರೋ ಮುಂಚೆ ಎಲ್ಲಾದ್ರೂ ನೋವಿನ ಇಂಜೆಕ್ಷನ್ ಹಾಕಿಸಿದ್ರಾ?" ಡೈಕ್ಲೋಫೆನಾಕ್ ತರಹದ ಔಷಧಿಗಳು ಗಾಯ ಮಾಯುವುದನ್ನು ತಡೆಯುತ್ತವೆ, ಒಡೆಯುವ ಅಪಾಯ ಹೆಚ್ಚಿಸುತ್ತವೆ, ಹೃದಯಾಘಾತದಲ್ಲಿ ಅವು ನಿಷಿದ್ಧ. ಹಾಗಾಗಿ ಉಳಿಯುವುದು ಒಪಿಯಾಯ್ಡ್‌ಗಳೇ, ಅಂದರೆ ಮಾರ್ಫಿನ್ ಜಾತಿಯ ನೋವಿನ ಔಷಧಿಗಳೇ.

ಮಾರ್ಫಿನ್ ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಹೃದಯದ ಸುತ್ತ ರಕ್ತ ತುಂಬಿ ಒತ್ತುತ್ತಿರುವಾಗ ರೋಗಿ ಬದುಕಿರುವುದೇ ಆ ಮರಳುವ ರಕ್ತದ ಮೇಲೆ. ಎಕೋದಲ್ಲಿ ಹೃದಯದ ಸುತ್ತ ದ್ರವ ಕಂಡರೆ, ಬಿ.ಪಿ. ಇಳಿಯುತ್ತಿದ್ದರೆ, ಮೊದಲು ಸರ್ಜನ್‌ಗೆ ಫೋನ್. ನೋವಿಗೆ ಇನ್ನೊಂದು ಒಪಿಯಾಯ್ಡ್ ಆದ ಫೆಂಟನಿಲ್ 25 ಮೈಕ್ರೋಗ್ರಾಂ, ನಿಧಾನಕ್ಕೆ, ಕಣ್ಣು ಮಾನಿಟರ್ ಮೇಲೆ. ಎಕೋ ಶುದ್ಧವಾಗಿದ್ದು ಬಿ.ಪಿ. ಚೆನ್ನಾಗಿದ್ದರೆ ಮಾರ್ಫಿನ್‌ಗೆ ನನ್ನ ತಕರಾರಿಲ್ಲ: 10 ಮಿ.ಗ್ರಾಂ ಆಂಪ್ಯೂಲನ್ನು ಸಲೈನ್ ಸೇರಿಸಿ ಒಟ್ಟು 10 ಮಿ.ಲೀ. ಮಾಡಿಕೊಂಡು ಎರಡೆರಡು ಮಿ.ಲೀ. ಕೊಡುತ್ತೇನೆ.

ಒಪಿಯಾಯ್ಡೇ ಬೇಡ ಎನ್ನುವ ಗೆಳೆಯರೂ ಇದ್ದಾರೆ. ನಾನು ಒಪ್ಪುವುದಿಲ್ಲ. ನೋವಿನಲ್ಲಿ ಒದ್ದಾಡುವವರ ಬಿ.ಪಿ. ಏರುತ್ತದೆ, ಅದರ ಪೆಟ್ಟು ಬೀಳುವುದು ಅದೇ ಮೆತ್ತಗಾದ ಗೋಡೆಗೆ. ಆ ಗೆಳೆಯರು ತೋರಿಸುವುದು ಅಮೆರಿಕದ ಹೃದ್ರೋಗಿಗಳ ದಾಖಲೆಯಾದ ಕ್ರುಸೇಡ್ ರಿಜಿಸ್ಟ್ರಿಯನ್ನು. 2005ರಲ್ಲಿ ಪ್ರಕಟವಾದ ಆ ವಿಶ್ಲೇಷಣೆಯಲ್ಲಿ 57,000 ರೋಗಿಗಳಿದ್ದರು, ಮಾರ್ಫಿನ್ ಪಡೆದವರಲ್ಲಿ ಸಾವು ಹೆಚ್ಚಿತ್ತು. ಆದರೆ ಹೆಚ್ಚು ನೋವಿದ್ದವರಿಗೇ ತಾನೆ ಮಾರ್ಫಿನ್ ಕೊಟ್ಟಿರುತ್ತಾರೆ! ನನಗೆ ಹೆಚ್ಚು ನಾಟಿದ್ದು ಪೋಲೆಂಡಿನ ಪುಟ್ಟ ಇಂಪ್ರೆಷನ್ ಪ್ರಯೋಗ. 70 ಜನರಲ್ಲಿ, ಮಾರ್ಫಿನ್ ಪಡೆದವರ ರಕ್ತಕ್ಕೆ ಟೈಕಾಗ್ರೆಲಾರ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಸೇರಿದ್ದು ಶೇ. 36ರಷ್ಟು ಕಡಿಮೆ, ಕರುಳು ನಿಧಾನವಾದ್ದರಿಂದ. 2017ರಲ್ಲಿ ಯುರೋಪಿನ ಮಾರ್ಗಸೂಚಿಯೂ ಒಪಿಯಾಯ್ಡ್‌ಗಳ ಶಿಫಾರಸನ್ನು ಒಂದು ಮೆಟ್ಟಿಲು ಇಳಿಸಿತು. ಹೃದಯ ಒಡೆದವರನ್ನು ಇಂಥ ಪ್ರಯೋಗಕ್ಕೆ ಸೇರಿಸಿಕೊಳ್ಳುವಷ್ಟು ಪುರುಸೊತ್ತೇ ಸಿಗುವುದಿಲ್ಲ. ಉಳಿದವರ ಲೆಕ್ಕದಿಂದಲೇ ನಾವು ಊಹಿಸಬೇಕು.

ಇನ್ನೊಂದು. ಮಾರ್ಫಿನ್ ಬರೆದ ಚೀಟಿಯಲ್ಲೇ ಲ್ಯಾಕ್ಟುಲೋಸ್ ಸಿರಪ್ಪನ್ನೂ ಬರೆಯುತ್ತೇನೆ. ಪಿಜಿ ಹುಡುಗರು ನಗುತ್ತಾರೆ. ಮಾರ್ಫಿನ್ ಮಲ ಕಟ್ಟಿಸುತ್ತದೆ, ಈ ಸಿರಪ್ ಅದನ್ನು ಸಡಿಲಿಸುತ್ತದೆ; ಮಲಬದ್ಧತೆಯಿಂದ ತಿಣುಕಿದರೂ ಬಿ.ಪಿ. ಏರುತ್ತದೆ.