ಎಲ್ಲದಕ್ಕೂ 'ವೆರಿ' ಹಾಕ್ಬೇಡಿ: ಇಂಗ್ಲಿಷಿನವರು 'ತುಂಬಾ' ಅನ್ನೋದನ್ನ ಹೇಗೆ ಹೇಳ್ತಾರೆ

ಕನ್ನಡದಲ್ಲಿ ನಮಗೆ ಒಂದು 'ತುಂಬಾ' ಇದ್ರೆ ದಿನ ಪೂರ್ತಿ ಸಾಗಿಹೋಗತ್ತೆ. ತುಂಬಾ ಚೆನ್ನಾಗಿದೆ, ತುಂಬಾ ಬಿಸಿ, ತುಂಬಾ ಸುಸ್ತು, ತುಂಬಾ ದೂರ. ಅದೇ ಅಭ್ಯಾಸದಲ್ಲಿ ಇಂಗ್ಲಿಷಿಗೆ ಹೋದಾಗ ಎಲ್ಲಾ ಕಡೆ 'ವೆರಿ' ಹಾಕ್ತೀವಿ, ವ್ಯಾಕರಣ ಅರ್ಧಕ್ಕರ್ಧ ಸರಿಯಾಗೇ ಇರತ್ತೆ, ಆದ್ರೂ ಕೇಳೋರಿಗೆ ಮಾತು ಸಪ್ಪೆ ಅನ್ಸತ್ತೆ, ಕೆಲವು ಕಡೆ ಅರ್ಥಾನೇ ಬೇರೆ ಆಗ್ಬಿಡತ್ತೆ. ವರ್ಷಗಟ್ಲೆ ಇಂಗ್ಲಿಷಿನವರ ಜೊತೆ ಕೆಲಸ ಮಾಡಿ ಕಿವಿಗೊಟ್ಟು ಕೇಳಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲು 'ವೆರಿ' ಮತ್ತು 'ಟೂ' ಬೇರೆ ಮಾಡ್ಕೊಳ್ಳಿ. 'ಕಾಫಿ ತುಂಬಾ ಬಿಸಿ ಇದೆ' ಅಂದ್ರೆ ಕನ್ನಡದಲ್ಲಿ ಹೊಗಳಿಕೆನೂ ಆಗಬಹುದು, ದೂರೂ ಆಗಬಹುದು, ಹೇಳೋ ಧಾಟಿ ನೋಡಿ ಅರ್ಥ ಮಾಡ್ಕೋತೀವಿ. ಇಂಗ್ಲಿಷಲ್ಲಿ 'ವೆರಿ ಹಾಟ್' ಅಂದ್ರೆ ಚೆನ್ನಾಗಿ ಬಿಸಿ ಇದೆ ಅಂತ, 'ಟೂ ಹಾಟ್' ಅಂದ್ರೆ ಬಿಸಿ ಜಾಸ್ತಿ ಆಯ್ತು, ಕುಡಿಯಕ್ಕಾಗಲ್ಲ ಅಂತ. ಬೆಂಗಳೂರಲ್ಲಿ ಊಟ ಮಾಡಿ 'ಟೂ ಗುಡ್' ಅಂತೀವಲ್ಲ, ನಮ್ಮೊಳಗೆ ಅದು ಚೆನ್ನಾಗಿ ನಡೆಯತ್ತೆ, ಅದನ್ನ ತಪ್ಪು ಅನ್ನಲ್ಲ ನಾನು. ಆದ್ರೆ ಲಂಡನ್ನಿನವರಿಗೋ ಚಿಕಾಗೋದವರಿಗೋ 'ಯುವರ್ ಪ್ಲ್ಯಾನ್ ಈಸ್ ಟೂ ಅಂಬಿಷಸ್' ಅಂತ ಮೇಲ್ ಹಾಕಿದ್ರೆ ಅವರಿಗೆ ಅದು ಆಕ್ಷೇಪಣೆ, ನೀವು ಹೊಗಳಿದೀರಿ ಅಂತ ಅವರಿಗೆ ಹೊಳೆಯೋದೇ ಇಲ್ಲ.

ಇನ್ನೊಂದು ನಮ್ಮ ಕಡೆ ಪದೇಪದೇ ಕೇಳೋದು 'ವೆರಿ ಬೆಟರ್'. ಹೋಲಿಕೆ ಬಂದ ತಕ್ಷಣ 'ವೆರಿ' ಜಾಗ ಬಿಟ್ಟುಕೊಡ್ಬೇಕು: 'ಮಚ್ ಬೆಟರ್', 'ಫಾರ್ ಬೆಟರ್', ಮಾತಲ್ಲಿ 'ಎ ಲಾಟ್ ಬೆಟರ್' ಅಥವಾ 'ವೇ ಬೆಟರ್'. ಹಾಗೇ 'ಎ ವೆರಿ ಗುಡ್ ಡೇ' ಸರಿ, ಆದ್ರೆ 'ಸೋ' ಹಾಕಿ 'ಎ ಸೋ ಗುಡ್ ಡೇ' ಅನ್ನೋ ಹಾಗಿಲ್ಲ, ಅಲ್ಲಿ 'ಸಚ್ ಎ ಗುಡ್ ಡೇ' ಆಗ್ಬೇಕು. ಇದಿಷ್ಟು ನೇರವಾದ ವಿಷಯ, ಒಂದು ವಾರ ಗಮನ ಇಟ್ರೆ ಬಂದ್ಬಿಡತ್ತೆ.

ಈಗ ಅಸಲಿ ವಿಷಯ. ಇಂಗ್ಲಿಷಲ್ಲಿ ಗುಣವಾಚಕಗಳು ಎರಡು ಥರ ಇವೆ. ಕೆಲವಕ್ಕೆ ಮೆಟ್ಟಿಲು ಇರತ್ತೆ: ಕೋಲ್ಡ್, ಬಿಗ್, ಟಯರ್ಡ್, ಹಂಗ್ರಿ. ಇವಕ್ಕೆ ಸ್ವಲ್ಪ, ಸುಮಾರು, ತುಂಬಾ ಅಂತ ಮೇಲೆ ಮೇಲೆ ಹತ್ತಬಹುದು, 'ವೆರಿ' ಇವಕ್ಕೆ ಹೊಂದತ್ತೆ. ಇನ್ನು ಕೆಲವು ಆಗ್ಲೇ ತುತ್ತತುದಿಯಲ್ಲಿ ಕೂತಿವೆ: ಫ್ರೀಜಿಂಗ್, ಹ್ಯೂಜ್, ಎಕ್ಸಾಸ್ಟೆಡ್, ಸ್ಟಾರ್ವಿಂಗ್. ಇವುಗಳ ಒಳಗೇ 'ವೆರಿ' ಇದೆ, ಅದಕ್ಕೇ 'ವೆರಿ ಎಕ್ಸಾಸ್ಟೆಡ್' ಅಂದ್ರೆ ಅವರ ಕಿವಿಗೆ ಕಿರಿಕಿರಿ. ಅಲ್ಲಿ ಬೇಕಾಗಿರೋದು 'ಆಬ್ಸಲ್ಯೂಟ್ಲಿ' ಅಥವಾ 'ಕಂಪ್ಲೀಟ್ಲಿ', ಅಂದ್ರೆ ನಮ್ಮ 'ಪೂರ್ತಿ' ಅನ್ನೋ ಅರ್ಥದ್ದು. ತಿರುಗಿಸಿ 'ಆಬ್ಸಲ್ಯೂಟ್ಲಿ ಟಯರ್ಡ್' ಅಂದ್ರೂ ಸರಿ ಕೇಳಲ್ಲ. ಯಾವುದು ಯಾವ ಗುಂಪು ಅಂತ ಡೌಟ್ ಬಂದ್ರೆ 'ರಿಯಲಿ' ಹಾಕಿ, ಅದು ಎರಡೂ ಕಡೆ ನಡೆಯತ್ತೆ, ಮಾತಲ್ಲಂತೂ ಇದಕ್ಕಿಂತ ಸೇಫ್ ಪದ ಇನ್ನೊಂದಿಲ್ಲ.

'ಕ್ವೈಟ್' ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದ್ರೆ ಇದರಿಂದ ನನಗೇ ಬೇಜಾರಾಗಿತ್ತು. ಹಿಂದೆ ಕೆಲಸ ಮಾಡ್ತಿದ್ದ ಕಡೆ ಒಬ್ಬರು ಬ್ರಿಟಿಷ್ ಮ್ಯಾನೇಜರ್ ಇದ್ರು, ನಾನು ಮೂರು ವಾರ ಕೂತು ಮಾಡಿದ ರಿಪೋರ್ಟಿಗೆ 'ಕ್ವೈಟ್ ಗುಡ್' ಅಂತ ಉತ್ತರ ಬಂತು, ನಾನು ಖುಷಿಯಾಗಿ ಮುಂದಿನ ಕೆಲಸ ಶುರು ಮಾಡ್ದೆ, ಆಮೇಲೆ ರಿವ್ಯೂನಲ್ಲಿ ಗೊತ್ತಾಯ್ತು ಅವರು ಹೇಳಿದ್ದು 'ಪರವಾಗಿಲ್ಲ, ಇನ್ನೂ ಕೆಲಸ ಇದೆ' ಅಂತ. ಅಮೆರಿಕದವರ ಬಾಯಲ್ಲಿ 'ಕ್ವೈಟ್ ಗುಡ್' ಅಂದ್ರೆ ಹೆಚ್ಚಾಗಿ ತುಂಬಾನೇ ಚೆನ್ನಾಗಿದೆ ಅಂತ. ಬ್ರಿಟನ್ನಿನವರ ಬಾಯಲ್ಲಿ ಅದು 'ತಕ್ಕಮಟ್ಟಿಗೆ', ಅದರಲ್ಲೂ 'ಕ್ವೈಟ್' ಮೇಲೆ ಒತ್ತು ಬಿದ್ರೆ 'ಆದ್ರೆ...' ಅಂತ ಒಂದು ಮಾತು ಹಿಂದೆ ಬರ್ತಿದೆ ಅಂತ ತಿಳ್ಕೊಳ್ಳಿ. ಇಷ್ಟೇ ಅಲ್ಲ, ತುದಿಯಲ್ಲಿ ಕೂತಿರೋ ಪದಗಳ ಮುಂದೆ ಬಂದ್ರೆ ಬ್ರಿಟಿಷರಲ್ಲೂ ಇದರ ಅರ್ಥ 'ಪೂರ್ತಿ' ಆಗತ್ತೆ, 'ಕ್ವೈಟ್ ಇಂಪಾಸಿಬಲ್' ಅಂದ್ರೆ ಸುತರಾಂ ಆಗಲ್ಲ. ಹಾಗಾಗಿ ಯಾವ ದೇಶದವರು ಹೇಳ್ತಿದಾರೆ, ಮುಂದಿನ ಪದ ಯಾವುದು, ಎರಡನ್ನೂ ನೋಡ್ಕೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಜೋಡಿ ಪದಗಳು. ನಮ್ಮಲ್ಲೂ ಇವೆ ನೋಡಿ: ಹೊಚ್ಚ ಹೊಸದು ಅಂತೀವಿ, ಹೊಚ್ಚ ಹಳೇದು ಅನ್ನಲ್ಲ. ಕಡುಬಡವ ಅಂತೀವಿ, ಶ್ರೀಮಂತನಿಗೆ ಮಾತ್ರ 'ಆಗರ್ಭ' ಬೇಕು. ಅಚ್ಚ ಬಿಳಿ, ಕಗ್ಗತ್ತಲು, ಕೊರೆಯೋ ಚಳಿ. ಇದನ್ನ ಯಾರೂ ನಮಗೆ ಕೂರಿಸಿ ಪಾಠ ಮಾಡಿಲ್ಲ, ಮನೆಯಲ್ಲಿ ಕೇಳ್ತಾ ಕೇಳ್ತಾ ಬಂತು. ಇಂಗ್ಲಿಷಲ್ಲೂ ಹಾಗೇ: ಹೊಚ್ಚ ಹೊಸದಕ್ಕೆ 'ಬ್ರ್ಯಾಂಡ್ ನ್ಯೂ', ಕಗ್ಗತ್ತಲಿಗೆ 'ಪಿಚ್ ಡಾರ್ಕ್', ಕೊರೆಯೋ ಚಳಿಗೆ 'ಬಿಟರ್ಲಿ ಕೋಲ್ಡ್', ಕಡುಬಡವನಿಗೆ 'ಡರ್ಟ್ ಪೂರ್'. ಗಾಢ ನಿದ್ದೆಯಲ್ಲಿದ್ರೆ 'ಫಾಸ್ಟ್ ಅಸ್ಲೀಪ್', ಇಲ್ಲಿ ಫಾಸ್ಟ್ ಅಂದ್ರೆ ಬೇಗ ಅಲ್ಲ, ಭದ್ರವಾಗಿ ಅನ್ನೋ ಹಳೇ ಅರ್ಥ. ಪೂರ್ತಿ ಎಚ್ಚರ ಇದ್ರೆ 'ವೈಡ್ ಅವೇಕ್'. ಆಫೀಸಿಗೆ ಬೇಕಾಗೋದು ಇನ್ನೊಂದಿಷ್ಟು: 'ಹೈಲಿ ಅನ್‌ಲೈಕ್ಲಿ', 'ಫುಲ್ಲಿ ಅವೇರ್', 'ಪರ್ಫೆಕ್ಟ್ಲಿ ಕ್ಲಿಯರ್', 'ಡೀಪ್ಲಿ ಸಾರಿ', 'ಪೇನ್‌ಫುಲ್ಲಿ ಸ್ಲೋ'. 'ಹೈಲಿ ಸಾರಿ' ಅಂತ ಅದಲುಬದಲು ಮಾಡಿದ್ರೆ ಅರ್ಥ ಆಗತ್ತೆ, ಆದ್ರೆ ಹೊಚ್ಚ ಹಳೇದು ಅಂದ ಹಾಗೆ ಕೇಳತ್ತೆ. 'ಅಟರ್ಲಿ' ಸಾಮಾನ್ಯವಾಗಿ ಕೆಟ್ಟದ್ದರ ಪಕ್ಕಕ್ಕೆ ವಾಲತ್ತೆ, 'ಅಟರ್ಲಿ ರಿಡಿಕ್ಯುಲಸ್' ಥರ. 'ಎ ಬಿಟ್' ಕೂಡ ಹಾಗೇ, 'ಎ ಬಿಟ್ ಲೇಟ್' ಸರಿ, 'ಎ ಬಿಟ್ ಗುಡ್' ಅನ್ನಲ್ಲ.

ಈ ಪದಗಳು ಸವೀತಾನೂ ಹೋಗ್ತವೆ. 'ವೆರಿ' ಹಳೇ ಫ್ರೆಂಚಿಂದ ಬಂದಿದ್ದು, ಮೂಲ ಅರ್ಥ 'ನಿಜವಾದ'. ಬಳಸಿ ಬಳಸಿ ಅದರ ಖಾರ ಇಳಿದಾಗ ಅದೇ ಅರ್ಥದ 'ರಿಯಲಿ' ಬಂತು, ನಾವು 'ನಿಜವಾಗ್ಲೂ ಚೆನ್ನಾಗಿದೆ ಕಣ್ರೀ' ಅಂದ ಹಾಗೆ. 'ಟೆರಿಬ್ಲಿ', 'ಆಫುಲಿ' ಹುಟ್ಟಿದ್ದು ಭಯದ ಪದಗಳಿಂದ, ಈಗ 'ಟೆರಿಬ್ಲಿ ಕೈಂಡ್' ಅಂದ್ರೆ ತುಂಬಾ ಒಳ್ಳೇವರು ಅಂತ, ನಮ್ಮ 'ಭಯಂಕರ ಚೆನ್ನಾಗಿದೆ' ಇಲ್ವಾ, ಥೇಟ್ ಅದೇ. ನಮ್ಮ 'ತುಂಬಾ' ಬಂದಿದ್ದು ತುಂಬು ಅನ್ನೋದರಿಂದ, ಇಂಗ್ಲಿಷಿನವರೂ ಒಂದು ಕಾಲದಲ್ಲಿ 'ಫುಲ್' ಅನ್ನೋ ಪದಾನೇ ಈ ಕೆಲಸಕ್ಕೆ ಇಟ್ಕೊಂಡಿದ್ರು, 'ನೋಸ್ ಫುಲ್ ವೆಲ್' ಅನ್ನೋದರಲ್ಲಿ ಅದು ಇವತ್ತಿಗೂ ಉಳ್ಕೊಂಡಿದೆ. ಇದು ಗೊತ್ತಾದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಈ ಸವೆತ ವಯಸ್ಸಿನ ಪ್ರಕಾರ ಕಾಣತ್ತೆ. ಇಂಗ್ಲೆಂಡಿನ ಯಾರ್ಕ್ ಊರಲ್ಲಿ ಜನರ ಮಾತು ರೆಕಾರ್ಡ್ ಮಾಡಿ ರಿಕಾ ಇಟೊ ಮತ್ತು ಸಾಲಿ ಟಾಲಿಯಾಮಾಂಟೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಸಾದವರು 'ವೆರಿ' ಕಡೆ, ಚಿಕ್ಕವರು 'ರಿಯಲಿ' ಕಡೆ ಇದ್ರು. ಅದೇ ಟಾಲಿಯಾಮಾಂಟೆ ಇನ್ನೊಬ್ಬರ ಜೊತೆ ಸೇರಿ 2005ರಲ್ಲಿ 'ಫ್ರೆಂಡ್ಸ್' ಅನ್ನೋ ಅಮೆರಿಕನ್ ಟಿವಿ ಸರಣಿಯ ಮಾತುಗಳನ್ನ ಲೆಕ್ಕ ಹಾಕಿದಾಗ ಅಲ್ಲಿ ಮುಂದಿದ್ದಿದ್ದು 'ಸೋ'. ಆದ್ರಿಂದ ಅರ್ಜಿ, ರಿಪೋರ್ಟ್ ಅಂದ್ರೆ 'ವೆರಿ' ಅಥವಾ 'ಹೈಲಿ' ಇರ್ಲಿ, ಫ್ರೆಂಡ್ಸ್ ಜೊತೆ ಚಾಟ್ ಅಂದ್ರೆ 'ಸೋ', 'ರಿಯಲಿ', 'ಪ್ರೆಟಿ' ಸಾಕು. ಇಲ್ಲಿ 'ಪ್ರೆಟಿ' ಅಂದ್ರೆ ಅಂದವಾದ ಅಂತಲ್ಲ, 'ಪ್ರೆಟಿ ಟಫ್' ಅಂದ್ರೆ ಸಾಕಷ್ಟು ಕಷ್ಟ ಅಂತ.

ಊರಿಂದ ಊರಿಗೂ ಬದಲಾಗತ್ತೆ, ಧಾರವಾಡದ 'ಭಾಳ' ಬೆಂಗಳೂರಿಗೆ ಬರೋಷ್ಟರಲ್ಲಿ 'ಸಖತ್' ಆದ ಹಾಗೆ. ಬಾಸ್ಟನ್ ಕಡೆಯವರು 'ವಿಕೆಡ್ ಗುಡ್' ಅಂತಾರೆ, ಸ್ಯಾನ್ ಫ್ರಾನ್ಸಿಸ್ಕೋ ಕಡೆ 'ಹೆಲ್ಲಾ', ಲಿವರ್‌ಪೂಲ್, ಮ್ಯಾಂಚೆಸ್ಟರ್ ಕಡೆ 'ಡೆಡ್ ನೈಸ್'. ಇವನ್ನ ಕೇಳಿ ಅರ್ಥ ಮಾಡ್ಕೊಳ್ಳಿ, ಅಲ್ಲಿ ಇದ್ದು ಬೆಳೆಯದೆ ಬಾಯಿಗೆ ತಂದ್ಕೋಬೇಡಿ. 'ಬ್ಲಡಿ' ಅಂತೂ ಬೇಡವೇ ಬೇಡ. 1914ರಲ್ಲಿ ಬರ್ನಾರ್ಡ್ ಶಾ ನಾಟಕದ ಪಾತ್ರ ಒಂದು ಲಂಡನ್ನಿನ ರಂಗಮಂಚದ ಮೇಲೆ ಆ ಪದ ಆಡಿದ್ದಕ್ಕೆ ದೊಡ್ಡ ಗದ್ದಲ ಆಗಿತ್ತು, ಈಗ ಅಷ್ಟು ಬಿಗಿ ಇಲ್ಲ, ಆದ್ರೂ ಕ್ಲೈಂಟ್ ಮುಂದೆ ಹೇಳೋ ಪದ ಅಲ್ಲ.

ಅಭ್ಯಾಸಕ್ಕೆ ನಾನು ಮಾಡಿದ್ದು ಇಷ್ಟು. ಕಳ್ಸೋ ಮುಂಚೆ ಮೇಲ್‌ನಲ್ಲಿ ಎಷ್ಟು 'ವೆರಿ' ಇದೆ ಅಂತ ಹುಡುಕ್ತಿದ್ದೆ. ಪ್ರತಿಯೊಂದರ ಹತ್ರ ನಿಂತು ಮೊದಲು ಅದನ್ನ ತೆಗೆದು ಓದ್ತಿದ್ದೆ, ಅರ್ಧದಷ್ಟು ಕಡೆ ವಾಕ್ಯ ಇನ್ನೂ ಗಟ್ಟಿ ಆಗ್ತಿತ್ತು. ಉಳಿದ ಕಡೆ ಜೋಡಿ ಪದ ಇದೆಯಾ ಅಂತ ಡಿಕ್ಷನರಿಯ ಉದಾಹರಣೆ ವಾಕ್ಯಗಳಲ್ಲಿ ನೋಡ್ತಿದ್ದೆ, ಸಿಕ್ಕಿದ್ದನ್ನ ಎರಡೂ ಪದ ಸೇರಿಸಿಯೇ ನೋಟ್‌ಬುಕ್ಕಲ್ಲಿ ಬರ್ಕೋತಿದ್ದೆ, ಒಂಟಿ ಪದ ಬರ್ಕೊಂಡ್ರೆ ಪ್ರಯೋಜನ ಇಲ್ಲ. ಇವತ್ತಿನ ಮೇಲ್ ಒಂದರಿಂದ ಶುರು ಮಾಡಿ, 'ವೆರಿ ಅನ್‌ಲೈಕ್ಲಿ' ಅಂತ ಎಲ್ಲಾದ್ರೂ ಇದ್ರೆ 'ಹೈಲಿ ಅನ್‌ಲೈಕ್ಲಿ' ಮಾಡಿ, ಜೋರಾಗಿ ಒಂದ್ಸಲ ಓದಿ, ಆಮೇಲೆ ಕಳ್ಸಿ.