ಇಂಚಿನ ಲೆಕ್ಕ ಸೆಂಟಿಮೀಟರಿಗೆ: ನಾನು ತಪ್ಪಿದ್ದು ಎಲ್ಲಿ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ತುಂಡುಗಳ ತೂಕದ ಅಂದಾಜು ಹಾಕೋದು ನನ್ನ ಕೆಲಸ. ಹೋದ ವಾರ ಹಳೇ ಡ್ರಾಯಿಂಗ್ ಒಂದು ಬಂತು. ಅದರಲ್ಲಿ ಬೀಡಿನ (ಎರಕದ ಕಬ್ಬಿಣದ) ಸಾಂದ್ರತೆ ಘನ ಇಂಚಿಗೆ 0.26 ಪೌಂಡ್ ಅಂತಿತ್ತು. ನನಗೆ ಬೇಕಿದ್ದದ್ದು ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ ಅನ್ನೋದು.

ಒಂದು ಪೌಂಡಿಗೆ 453.6 ಗ್ರಾಂ. ಹಾಗಾಗಿ 0.26 ಪೌಂಡ್ ಅಂದರೆ ಸುಮಾರು 118 ಗ್ರಾಂ. ಒಂದು ಇಂಚಿಗೆ 2.54 ಸೆಂಟಿಮೀಟರ್ ಅಂತ ಅದನ್ನು 2.54ರಿಂದ ಭಾಗಿಸಿದೆ. 46 ಬಂತು. ಹಾಳೆ ನೋಡಿದ ಮೋಲ್ಡಿಂಗ್ ಕಾಕಾ, "ತಮ್ಮಾ, ಬಂಗಾರಕ್ಕಿಂತ ಭಾರ ಆತಲ್ಲೋ!" ಅಂದರು. ನಿಜ. ಬಂಗಾರದ್ದೇ 19.3.

ತಪ್ಪು ಸಣ್ಣದು, ಆದರೆ ಬಹಳ ಜನಕ್ಕೆ ಆಗುವಂಥದ್ದು. 2.54 ಉದ್ದದ ಲೆಕ್ಕ. ಸಾಂದ್ರತೆಗೆ ಬೇಕಾದದ್ದು ಘನ ಅಳತೆ. ಅಂದರೆ 2.54 ಅನ್ನು ಮೂರು ಸಲ ಗುಣಿಸಬೇಕು: 16.387. ಈಗ 118 ಭಾಗಿಸು 16.387, ಬಂತು 7.2. ಬೂದು ಬೀಡಿಗೆ ಇದು ಸರಿಯಾದ ಅಂಕಿ. ನೇರವಾಗಿ ಬೇಕಾದರೆ 0.26 ಅನ್ನೇ 27.68ರಿಂದ ಗುಣಿಸಿದರೆ ಸಾಕು.

ಆದರೂ ಮನಸ್ಸು ಒಪ್ಪಲಿಲ್ಲ. ಒಂದು ರೈಸರ್ ತುಂಡು (ಎರಕದ ಜೊತೆ ಬಂದು ಆಮೇಲೆ ಕತ್ತರಿಸಿ ತೆಗೆಯುವ ಹೆಚ್ಚುವರಿ ಬೀಡು) ತೂಗಿದೆ, 720 ಗ್ರಾಂ. ದಾರಕ್ಕೆ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿದೆ, 620. ಕಡಿಮೆಯಾದ 100 ಗ್ರಾಂ ಅಂದರೆ ತುಂಡು ಸರಿಸಿದ ನೀರಿನ ತೂಕ, ಅಂದರೆ ತುಂಡಿನ ಗಾತ್ರ 100 ಘನ ಸೆಂಟಿಮೀಟರ್. ಮತ್ತೆ 7.2! ಎಷ್ಟು ಖುಷಿ ಆಯ್ತು ಅಂದರೆ ಕಾಕಾನನ್ನೂ ಕರೆದು ತೋರಿಸಿದೆ.

ಘನ ಅಡಿಗೆ ಪೌಂಡ್ ಅಂತ ಇದ್ದರೆ ಗುಣಕ ಬೇರೆ, 16.02. ಉತ್ತರ ಘನ ಮೀಟರಿಗೆ ಕಿಲೋದಲ್ಲಿ ಬರುತ್ತದೆ. ನೀರಿನ 62.4 ಹಾಕಿ ನೋಡಿ, ಸುಮಾರು 1000 ಬರಬೇಕು. ಗ್ಯಾಲನ್ ಇದ್ದರೆ ಮಾತ್ರ ಮೊದಲು ಕೇಳಿಕೊಳ್ಳಿ: ಬ್ರಿಟಿಷ್ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785.